ನೋಡ್ಲಿಕ್ಕೆ ಏನುಂಟು ಮಾರಾಯ?

ಶುಕ್ರವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ನಮ್ಮ ಟೀಮಿನ ವಾಟ್ಸಾಪ್ ಗುಂಪಿಗೆ ಯಾರಾದರೊಬ್ಬರು ಒಂದು ಲಿಂಕ್ ಎಸೆದಿರುತ್ತಾರೆ. ‘ಮಂಗಳೂರಿನಿಂದ ಒಂದೇ ದಿನದಲ್ಲಿ ಕಾರಿನಲ್ಲಿ ಹೋಗಿಬರಬಹುದಾದ 10 ರಮಣೀಯ ತಾಣಗಳು’. ಕೆಲವೊಮ್ಮೆ 7, ಕೆಲವೊಮ್ಮೆ 15. ಸಂಖ್ಯೆ ಬದಲಾದರೂ ಊರು ಬದಲಾಗುವುದಿಲ್ಲ. ಮರವಂತೆ, ಆಗುಂಬೆ, ಕುದುರೆಮುಖ, ಚಾರ್ಮಾಡಿ, ಕಾರ್ಕಳ, ಮೂಡುಬಿದಿರೆ, ಬೇಕಲ ಕೋಟೆ. ಆರು ವರ್ಷದಿಂದ ಮಂಗಳೂರಲ್ಲಿದ್ದೇನೆ, ಇವೆಲ್ಲ ನೋಡಿದ್ದೂ ಆಗಿದೆ. ಎರಡೆರಡು ಸಲ. ಆಗುಂಬೆಯ 14 ತಿರುವುಗಳಲ್ಲಿ ಯಾವ ತಿರುವಿಗೆ ಹಿಂದಿನ ಸೀಟಿನವರು ‘ವಾಂತಿ ಬರ್ತಿದೆ, ನಿಲ್ಸು’ ಅನ್ನುತ್ತಾರೆ ಅನ್ನೋದೂ ನನಗೆ ಗೊತ್ತು.

ಇವತ್ತು ಆ ಜಾಗಗಳ ಬಗ್ಗೆ ಬರೆಯುತ್ತಿಲ್ಲ, ಆ ಪಟ್ಟಿಗಳ ಬಗ್ಗೆ ಬರೆಯುತ್ತಿದ್ದೇನೆ. ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಕ್ಕೆ ಇದೆ, ಬಿರಿಯಾನಿಗೂ ಇದೆ. ನಾವು ನೀವು ವಾರವಾರ ಓದಿ, ನಂಬಿ, ಪೆಟ್ರೋಲ್ ಸುರಿದು ಓಡುವ ಈ ಬರವಣಿಗೆಯನ್ನು ಮಾತ್ರ ಯಾರೂ ಬರವಣಿಗೆ ಅಂತ ಓದಿ ನೋಡಿದ ಹಾಗೆ ಕಾಣೆ.

ಮೊದಲು ಅದರ ಭಾಷೆ ನೋಡಿ. ಯಾವ ಪಟ್ಟಿ ತೆಗೆದರೂ ಮೊದಲ ಸಾಲಲ್ಲಿ ‘ನಗರದ ಜಂಜಾಟ’ ಇರಲೇಬೇಕು. ಅಲ್ಲಿಂದ ‘ಪ್ರಕೃತಿಯ ಮಡಿಲು’. ಜಲಪಾತ ಯಾವಾಗಲೂ ‘ಧುಮ್ಮಿಕ್ಕುತ್ತದೆ’, ಮಂಜು ‘ಮುಸುಕುತ್ತದೆ’, ಹಸಿರು ‘ಕಣ್ಣಿಗೆ ತಂಪು’, ಸೂರ್ಯಾಸ್ತ ‘ವರ್ಣಿಸಲು ಪದಗಳು ಸಾಲವು’. ಪದ ಸಾಲದಿದ್ದರೆ ಬರೆಯೋದು ಯಾಕೆ ಅಂತ ಕೇಳಬಾರದು. ನಾನೊಂದು ಆಟ ಆಡಿ ನೋಡಿದೆ. ಆಗುಂಬೆಯ ಪ್ಯಾರಾದಲ್ಲಿ ‘ಆಗುಂಬೆ’ ತೆಗೆದು ‘ಚಾರ್ಮಾಡಿ’ ಹಾಕಿದೆ. ಏನೂ ಆಗಲಿಲ್ಲ, ವಾಕ್ಯ ಆರಾಮಾಗಿ ನಿಂತುಕೊಂಡಿತು. ‘ಕುದುರೆಮುಖ’ ಹಾಕಿದೆ. ಆಗಲೂ ನಿಂತಿತು. ನಮ್ಮ ಆಫೀಸಲ್ಲಿ ಯಾರಾದರೂ ಒಂದೇ ಫಂಕ್ಷನ್ನನ್ನು ಹತ್ತು ಕಡೆ ಕಾಪಿ ಮಾಡಿ ಹೆಸರು ಮಾತ್ರ ಬದಲಿಸಿದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತೇವೆ.

ಭಾಷೆ ಸವಕಲು ಅನ್ನುವುದು ಸಣ್ಣ ದೂರು. ದೊಡ್ಡದು ಬೇರೆ ಇದೆ. ಈ ಪಟ್ಟಿಗಳಲ್ಲಿ ಮನುಷ್ಯರು ಇರುವುದಿಲ್ಲ. ಇದ್ದರೂ ನೀರ್‌ದೋಸೆ ತಂದುಕೊಡುವ ಕೈ ಮಾತ್ರ. ರಸ್ತೆ ಯಾರು ಮಾಡಿದರು, ಆ ಗುಡ್ಡದ ಮೇಲೆ ಯಾರು ಬದುಕುತ್ತಾರೆ, ಮಳೆಗಾಲದ ನಾಲ್ಕು ತಿಂಗಳು ಅವರು ಏನು ಮಾಡುತ್ತಾರೆ ಅನ್ನುವುದು ಕಾರಿನ ಕಿಟಕಿಗೆ ಕಾಣುವುದಿಲ್ಲ. ಮರವಂತೆ ಅಂದರೆ ‘ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ’. ನಿಜ, ನಾನು ಮೊದಲ ಸಲ ನೋಡಿದಾಗ ಬಾಯಿ ತೆರೆದುಕೊಂಡು ನಿಂತಿದ್ದೆ. ಬಾಗಲಕೋಟೆ ಜಿಲ್ಲೆಯ ಹುಡುಗ ನಾನು, ಒಂದೇ ಕಣ್ಣೋಟಕ್ಕೆ ಅಷ್ಟು ನೀರು ಕಂಡರೆ ಕೈ ಮುಗಿಯುವ ಅಭ್ಯಾಸ. ಆದರೆ ಆ ಸಮುದ್ರದ ಬದಿಗೆ ಸುರಿದ ದೊಡ್ಡ ದೊಡ್ಡ ಬಂಡೆಗಲ್ಲುಗಳು ಫೋಟೋದಲ್ಲಿ ಇರುವುದಿಲ್ಲ. ಅದು ಕಡಲ್ಕೊರೆತಕ್ಕೆ ಹಾಕಿದ್ದು. ಸಮುದ್ರ ಆ ದಂಡೆಯನ್ನು ತಿನ್ನುತ್ತಾ ಬಂದಿದೆ. ‘ರಮಣೀಯ’ ಅನ್ನುವ ಪದಕ್ಕೆ ಆ ಕಲ್ಲು ಅಡ್ಡ ಬರುತ್ತದೆ, ಹಾಗಾಗಿ ಫೋಟೋದಿಂದ ಹೊರಗೆ.

ಎಲ್ಲಕ್ಕಿಂತ ಹೆಚ್ಚು ಸುಳ್ಳು ಹೇಳುವುದು ಕುದುರೆಮುಖದ ಪ್ಯಾರಾ. ಇದು ನನಗೆ ಗೊತ್ತಾಗಿದ್ದು ಅಪ್ಪನ ದೆಸೆಯಿಂದ.

ಅಪ್ಪ ಕಳೆದ ವರ್ಷ ಕಣ್ಣಿನ ಆಪರೇಷನ್ನಿಗೆ ಅಂತ ಬಂದಿದ್ದ. ಆಪರೇಷನ್ ಆಗಿ ಒಂದು ತಿಂಗಳಾದ ಮೇಲೆ, ಹೊಸ ಕಣ್ಣಿಗೆ ಏನಾದರೂ ಒಳ್ಳೆಯದು ತೋರಿಸೋಣ ಅಂತ ನಾನೇ ಉಮೇದಿನಿಂದ ಕಾರು ಹತ್ತಿಸಿಕೊಂಡು ಹೊರಟೆ. ಕಾರ್ಕಳ, ಬಜಗೋಳಿ, ಮಾಳ, ಅಲ್ಲಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ. ಗೇಟಿನಲ್ಲಿ ಚೀಟಿ ಬರೆಸಿಕೊಂಡೆವು. ಎರಡೂ ಕಡೆ ಕಾಡು, ಮೇಲೆ ಹುಲ್ಲಿನ ಗುಡ್ಡ. ಪಟ್ಟಿ ಹೇಳಿದ್ದೆಲ್ಲ ಇತ್ತು. ಅಪ್ಪ ಸುಮ್ಮನೆ ಕೂತಿದ್ದ. ಮೆಚ್ಚಿಕೊಂಡನೋ ಇಲ್ಲವೋ ತಿಳಿಯದೆ ನಾನೇ ಕೇಳಿದೆ, ‘ಹೆಂಗೈತಿ ಅಪ್ಪಾ?’

‘ಚಲೋ ಐತಿ. ಈ ನೀರು ಎತ್ತಾಗ ಹೋಗತೈತಿ?’

ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಅಲ್ಲಿಗೆ ಮೂರು ಸಲ ಹೋಗಿದ್ದೆ, ಒಮ್ಮೆಯೂ ನನಗೆ ಹೊಳೆಯದ ಪ್ರಶ್ನೆ. ಅಲ್ಲಿ ನೆಟ್‌ವರ್ಕ್ ಬೇರೆ ಇಲ್ಲ. ಮನೆಗೆ ಬಂದು ಓದಿ ತಿಳಿದುಕೊಂಡೆ. ಆ ಗುಡ್ಡಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿಗೆ ಬರುತ್ತದೆ, ನಾವು ನಲ್ಲಿಯಲ್ಲಿ ಕುಡಿಯುವುದು ಅದನ್ನೇ. ತುಂಗಾ ಭದ್ರಾ ಎರಡೂ ಮೂಡಣಕ್ಕೆ ಹೋಗಿ, ಒಂದಾಗಿ, ಕೊನೆಗೆ ಕೃಷ್ಣೆಗೆ ಸೇರುತ್ತವೆ. ‘ಅಂದ್ರ ನಮ್ಮ ಹೊಳಿಗೆ ಬರತೈತಿ’ ಅಂತ ಅಪ್ಪ ಖುಷಿಯಾದ. ಇಲ್ಲ ಅಪ್ಪಾ, ಕೃಷ್ಣೆ ನಮ್ಮ ಜಮಖಂಡಿ ದಾಟಿ, ಕರ್ನಾಟಕವನ್ನೇ ದಾಟಿ ಹೋದ ಮೇಲೆ ಅದು ಸೇರೋದು ಅಂದೆ. ‘ಹಂಗಾರ ನಮಗೇನೂ ಉಪಯೋಗಿಲ್ಲ ಬಿಡು’ ಅಂತ ಮಾತು ಮುಗಿಸಿದ.

ಹಾಗೇ ಓದುತ್ತಾ ಹೋದಾಗ ಸಿಕ್ಕಿದ್ದು ಗಣಿಯ ಕಥೆ. ಮೂವತ್ತು ವರ್ಷದ ಹತ್ತಿರ ಅಲ್ಲಿ ಕಬ್ಬಿಣದ ಅದಿರು ತೆಗೆದಿದ್ದಾರೆ. 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಶುರುವಾಯಿತು. ಅದಿರನ್ನು ಅರೆದು, ನೀರಿನ ಜೊತೆ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ತ್ಯಾಜ್ಯ ತಡೆಯಲು ಲಕ್ಯಾ ಹೊಳೆಗೆ ಒಡ್ಡು ಕಟ್ಟಿದರು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಗಣಿ ನಡೆದೇ ಇತ್ತು. ಜನ ಹೋರಾಡಿದರು, ಸುಪ್ರೀಂ ಕೋರ್ಟಿನವರೆಗೆ ಹೋದರು, 2005ರ ಕೊನೆಗೆ ಗಣಿ ನಿಂತಿತು. ಒಂದು ಇಡೀ ಪಟ್ಟಣ ಖಾಲಿಯಾಗುತ್ತಾ ಬಂತು. ನಾವು ‘ಪ್ರಕೃತಿಯ ಮಡಿಲು’ ಅಂತ ಸೆಲ್ಫಿ ತೆಗೆದುಕೊಳ್ಳುವ ಜಾಗ ಕೋರ್ಟ್ ಕಟ್ಟೆ ಹತ್ತಿ ಉಳಿದುಕೊಂಡದ್ದು. ಇಷ್ಟೂ ಕಥೆಗೆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಒಂದೇ ಒಂದು ಪಟ್ಟಿಯಲ್ಲಿ ‘ಲಕ್ಯಾ ಅಣೆಕಟ್ಟು ಫೋಟೋ ತೆಗೆಯಲು ಸೂಕ್ತ’ ಅಂತ ಇತ್ತು.

ಕಾರ್ಕಳದ ಗೊಮ್ಮಟನಿಗೂ ಇದೇ ಗತಿ. 1432ರಲ್ಲಿ ನಿಂತ, ನಲವತ್ತೆರಡು ಅಡಿಯ ಒಂದೇ ಕಲ್ಲಿನ ಮೂರ್ತಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅದಕ್ಕೆ ಎರಡು ವರ್ಷ ಮೊದಲಿನದು. ಈ ಎರಡೂ ಪಟ್ಟಿಯಲ್ಲಿ ಬರುವುದು ‘ಹೋಗುವ ದಾರಿಯಲ್ಲಿ’ ಅನ್ನುವ ತಲೆಬರಹದ ಕೆಳಗೆ, ಪೆಟ್ರೋಲ್ ಬಂಕು ಮತ್ತು ಐಸ್‌ಕ್ರೀಮ್ ಅಂಗಡಿಯ ಜೊತೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೊಬ್ಬ ದೊಡ್ಡ ಮನುಷ್ಯನ ಹಾಗೆ ಎಲ್ಲರ ತಪ್ಪು ಎಣಿಸಿ ಎದ್ದುಹೋಗಬಹುದಿತ್ತು. ಆದರೆ ನನ್ನದೂ ಒಂದಿದೆ.

ಟೀಮಿನ ಹುಡುಗನೊಬ್ಬ, ಪಕ್ಕಾ ಕುಡ್ಲದವನು, ಒಂದು ದಿನ ಚಹಾ ಕುಡಿಯುವಾಗ ಕೇಳಿದ, ‘ನಮ್ಮ ಊರೆಲ್ಲ ತಿರುಗಿದೆ ನೀನು. ನಿಮ್ಮ ಊರಲ್ಲಿ ನೋಡ್ಲಿಕ್ಕೆ ಏನುಂಟು ಮಾರಾಯ?’

ನಾನು ಹೇಳಿದೆ, ‘ಏನೂ ಇಲ್ಲ. ಬರೀ ಕಬ್ಬು. ಬಿಸಿಲು.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಸೀಟಿಗೆ ಬಂದು ಕೂತರೂ ಆ ಮಾತು ಗಂಟಲಲ್ಲೇ ಇತ್ತು. ಮೂವತ್ತಮೂರು ವರ್ಷದಲ್ಲಿ ಹದಿನೆಂಟು ವರ್ಷ ಕಳೆದ ಊರಿನ ಬಗ್ಗೆ ಎರಡು ಸೆಕೆಂಡಿನಲ್ಲಿ ‘ಏನೂ ಇಲ್ಲ’ ಅಂತ ತೀರ್ಪು ಕೊಟ್ಟುಬಿಟ್ಟಿದ್ದೆ. ಯಾಕೆ ಅಂತ ಯೋಚಿಸಿದರೆ ಉತ್ತರ ನಾಚಿಕೆಯದ್ದು. ಗುಡ್ಡ, ಮಂಜು, ಜಲಪಾತ ಇಲ್ಲದ ಕಡೆ ‘ನೋಡೋದು’ ಇರುವುದಿಲ್ಲ ಅಂತ ಆ ಪಟ್ಟಿಗಳು ನನಗೆ ಕಲಿಸಿದ್ದವು. ಹಸಿರಿಗೂ ದರ್ಜೆ ಇದೆ. ತಾನೇ ಬೆಳೆದದ್ದಾದರೆ ರಮಣೀಯ. ಯಾರೋ ನೀರು ಹಾಯಿಸಿ ಬೆಳೆಸಿದ್ದಾದರೆ ಬರೀ ಕಬ್ಬು.

ಸಿಟ್ಟಿಗೆ ನಾನೂ ಒಂದು ಪಟ್ಟಿ ಬರೆಯಲು ಕೂತೆ. ‘ಜಮಖಂಡಿಯಿಂದ ಒಂದೇ ದಿನದಲ್ಲಿ’. ಈ ಕರಡು ನನ್ನ ಹತ್ತಿರ ಇನ್ನೂ ಇದೆ, ಬೇರೆಯವರದ್ದನ್ನು ಬೈದಷ್ಟೇ ಇದನ್ನೂ ಬೈಯಬೇಕು. ಮೊದಲ ಸಾಲು ಏನು ಗೊತ್ತಾ? ‘ನಗರದ ಜಂಜಾಟದಿಂದ ದೂರ’. ಎರಡನೇ ಪ್ಯಾರಾದಲ್ಲಿ ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿಗೆ ‘ಕಣ್ಣು ಹಾಯಿಸಿದಷ್ಟೂ ನೀಲಿ, ರಾಜಹಂಸಗಳ ನಯನಮನೋಹರ ನೋಟ’ ಅಂತ ಬರೆದಿದ್ದೆ. ರಾಜಹಂಸ ಬರುವುದು ಸುಳ್ಳಲ್ಲ. ನೀರು ಇಳಿಯುತ್ತಾ ಹೋಗುವ ತಿಂಗಳುಗಳಲ್ಲಿ ಗುಂಪುಗುಂಪಾಗಿ ಬಂದು ಒಂಟಿ ಕಾಲ ಮೇಲೆ ನಿಂತಿರುತ್ತವೆ. ಆದರೆ ಆ ನೀಲಿಯ ಕೆಳಗೆ ನಮ್ಮ ಚಿಗವ್ವನ ಗಂಡನ ಮನೆ ಇದೆ.

ಚಿಗವ್ವ ಮದುವೆಯಾಗಿ ಹೋದ ಊರು ಮುಳುಗಿತು. ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ನಮ್ಮ ಕಡೆ ಎಲ್ಲರೂ ಅದಕ್ಕೆ ‘ಆರ್‌ಸಿ’ ಅನ್ನುತ್ತಾರೆ, ಹಳೆಯ ಊರಿನ ಹೆಸರಿಗೆ ಆರ್‌ಸಿ ಸೇರಿಸಿದರೆ ಹೊಸ ಊರು. ನೇರ ರಸ್ತೆ, ಅಳೆದ ಪ್ಲಾಟು, ಬೋರ್ಡು, ಎಲ್ಲ ಇದೆ. ಬೇಸಿಗೆಯಲ್ಲಿ ನೀರು ಸರಿದಾಗ ಅವಳು ಒಂದು ಸಲವಾದರೂ ಹೋಗಿ ಬರುತ್ತಾಳೆ. ಮಣ್ಣಿನ ಗೋಡೆ ಯಾವತ್ತೋ ಕರಗಿದೆ. ಕಲ್ಲಿನ ಕಟ್ಟೆ ಮಾತ್ರ ಉಳಿದಿದೆ, ಅದರ ಮೇಲೆ ಹತ್ತು ನಿಮಿಷ ಕೂತು ಎದ್ದು ಬರುತ್ತಾಳೆ. ನಾನೊಮ್ಮೆ ಜೊತೆಗೆ ಹೋಗಿದ್ದೆ. ‘ಇಲ್ಲಿ ಬಚ್ಚಲಿತ್ತು, ಇಲ್ಲಿ ಒಲಿ ಇತ್ತು’ ಅಂತ ತೋರಿಸಿದಳು. ನನಗೆ ಕಂಡದ್ದು ಬಿರುಕು ಬಿಟ್ಟ ಕೆಸರು. ಈಗ ಅಣೆಕಟ್ಟಿನ ನೀರು ನಿಲ್ಲುವ ಮಟ್ಟ 519.6 ಮೀಟರ್. 2010ರ ನ್ಯಾಯಮಂಡಳಿ ತೀರ್ಪು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟ ಮೇಲೆ ಇನ್ನೂ ಎಷ್ಟೋ ಹಳ್ಳಿಗಳು ಯಾವಾಗ ಏಳಬೇಕು, ಎಷ್ಟು ಪರಿಹಾರ ಅಂತ ಕಾಯುತ್ತಾ ಕೂತಿವೆ. ಮನೆ ರಿಪೇರಿ ಮಾಡಿಸಬೇಕೋ ಬೇಡವೋ, ಮಗನಿಗೆ ಹೆಣ್ಣು ಯಾರು ಕೊಡುತ್ತಾರೆ, ಇದು ಅಲ್ಲಿನ ದಿನನಿತ್ಯದ ಮಾತು. ಅಂಥ ನೀರಿಗೆ ನಾನು, ಅದೇ ತಾಲೂಕಿನ ಸಂಬಂಧ ಇರುವವನು, ‘ನಯನಮನೋಹರ’ ಅಂತ ಬರೆದೆ. ಯಾವ ಊರಿನವರೂ ಬರೆಯಬಹುದಾದ ಪದ. ಕೈ ತಾನೇ ತಾನಾಗಿ ಬರೆಯಿತು.

ಸುಂದರ ಅಂತ ಬರೆಯಲೇಬಾರದಾ ಹಾಗಾದರೆ? ಇದೇ ಪ್ರಶ್ನೆಯನ್ನು ಆ ಕುಡ್ಲದ ಹುಡುಗನಿಗೆ ಕೇಳಿದೆ. ಅವನ ಉತ್ತರ ನ್ಯಾಯವಾಗಿತ್ತು. ‘ವಾರಕ್ಕೆ ಐದು ದಿನ ಸ್ಕ್ರೀನ್ ನೋಡುವವನು ಮಾರಾಯ ನಾನು. ಒಂದು ಭಾನುವಾರ ಹಸಿರು ನೋಡ್ಲಿಕ್ಕೆ ಹೋದ್ರೆ ಅಲ್ಲಿಯೂ ಇತಿಹಾಸ ಪರೀಕ್ಷೆ ಬರಿಬೇಕಾ?’ ಬೇಡ. ನನಗೂ ಬೇಡ. ಈ ಪಟ್ಟಿಗಳಿಂದ ಘಟ್ಟದ ಮೇಲಿನ ಎಷ್ಟೋ ಸಣ್ಣ ಹೋಟೆಲುಗಳಿಗೆ ವ್ಯಾಪಾರ ಆಗಿದೆ. ನಮ್ಮ ಟೀಮಿನ ಇಬ್ಬರು ಹುಡುಗಿಯರು ಮನೆಯವರನ್ನು ಒಪ್ಪಿಸಿ ಮೊದಲ ಸಲ ತಾವೇ ಕಾರು ಓಡಿಸಿಕೊಂಡು ಹೋಗಿ ಬಂದದ್ದು ಇಂಥದ್ದೇ ಒಂದು ಪಟ್ಟಿ ಹಿಡಿದುಕೊಂಡು. ಅದು ಕಡಿಮೆಯೇನಲ್ಲ.

ಹಾಗಂತ ಬರೆಯುವವರಿಗೆ ರಿಯಾಯಿತಿ ಕೊಡಲಾರೆ. ನೋಡುವವನು ಸುಮ್ಮನೆ ನೋಡಿ ಬರಬಹುದು. ಬರೆಯುವವನು ಒಂದು ಪ್ರಶ್ನೆಯನ್ನಾದರೂ ಕೇಳಿ ಬರಬೇಕು. ಅಪ್ಪನ ಪ್ರಶ್ನೆಯೇ ಸಾಕು, ಈ ನೀರು ಎತ್ತ ಹೋಗುತ್ತದೆ? ಗೊರೂರರು ಅಮೆರಿಕಕ್ಕೆ ಹೋದಾಗಲೂ ತಮ್ಮ ಊರನ್ನು ಬಗಲಲ್ಲಿ ಇಟ್ಟುಕೊಂಡೇ ಹೋಗಿದ್ದರು. ಅಲ್ಲಿಯ ಅಂಗಡಿ ಕಂಡರೂ ಇಲ್ಲಿಯ ಸಂತೆ ನೆನಪಾಗುವ ಕಣ್ಣು ಅದು. ನಾವು ಐವತ್ತು ಕಿಲೋಮೀಟರ್ ಹೋಗುವಾಗಲೇ ಊರನ್ನು ಮನೆಯಲ್ಲಿ ಬಿಟ್ಟು ಹೊರಡುತ್ತೇವೆ.

ಕರಡಿಗೆ ವಾಪಸ್ ಬರುತ್ತೇನೆ. ಎರಡನೇ ಸಲ ಬರೆಯಲು ಕೂತಾಗ ವಿಶೇಷಣಗಳನ್ನೆಲ್ಲ ತೆಗೆದು ನೋಡಿದೆ, ಏನು ಉಳಿಯುತ್ತದೆ ಅಂತ. ಉಳಿದದ್ದು ಕಡಿಮೆಯೇನಿರಲಿಲ್ಲ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ನೋಡಲು ಉಳಿದ ಬ್ಯಾರೇಜಿನ ಹಾಗೇ ಇದೆ, ಕಂಬ, ಗೇಟು, ಮೇಲೊಂದು ಹಾದಿ. ಆದರೆ ಅದನ್ನು ಕಟ್ಟಿದ್ದು ಸರ್ಕಾರ ಅಲ್ಲ, ರೈತರು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಹೊಳೆ ಬೇಸಿಗೆಗೆ ಒಣಗಿ ಮರಳಾಗುತ್ತಿತ್ತು, ದಂಡೆಯ ಮೇಲೇ ಬೆಳೆ ಒಣಗುತ್ತಿತ್ತು. ಸಿದ್ದು ನ್ಯಾಮಗೌಡರು ಮುಂದೆ ನಿಂತು, ರೈತರು ಹಣ ಹಾಕಿ, ಮೈ ಮುರಿದು ದುಡಿದು 1989ರಲ್ಲಿ ಕಟ್ಟಿ ಮುಗಿಸಿದರು. ಹೆಸರು ಶ್ರಮಬಿಂದು ಸಾಗರ. ಎರಡು ವರ್ಷದ ನಂತರ, 1991ರಲ್ಲಿ, ಬಾಗಲಕೋಟೆ ಲೋಕಸಭಾ ಚುನಾವಣೆಯಲ್ಲಿ ಇದೇ ‘ಬ್ಯಾರೇಜ್ ಸಿದ್ದು’ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಮ್ಮೂರಲ್ಲಿ ಅಂಗಡಿ ಬಾಗಿಲು ಹಾಕಿದ್ದು ನೆನಪಿದೆ. ನಾನು ‘ಬರೀ ಕಬ್ಬು’ ಅಂದೆನಲ್ಲ, ಆ ದಂಡೆಯ ಕಬ್ಬು ನಿಂತಿರುವುದು ಇಂಥ ನೀರಿನ ಮೇಲೆ. ನನ್ನ ಬಿಇ ಫೀಸು ಕಟ್ಟಿದ್ದೂ ಕಬ್ಬಿನ ಬಿಲ್ಲು. (ಬಿಲ್ಲು ಪ್ರತಿ ವರ್ಷ ತಡವಾಗುತ್ತಿತ್ತು, ನಾನು ಪ್ರತಿ ವರ್ಷ ದಂಡ ಸಮೇತ ಕಟ್ಟುತ್ತಿದ್ದೆ. ಅದು ಬೇರೆ ಕಥೆ.)

ಇನ್ನು ರಬಕವಿ-ಬನಹಟ್ಟಿ. ಅದನ್ನು ಕಣ್ಣಿಂದ ನೋಡಲು ಹೋಗಬಾರದು, ಕಿವಿಯಿಂದ ನೋಡಬೇಕು. ನೇಕಾರರ ಓಣಿಯಲ್ಲಿ ಪವರ್‌ಲೂಮಿನ ಖಟಖಟ ಬೆಳಗಿನಿಂದ ರಾತ್ರಿಯವರೆಗೂ ಇರುತ್ತದೆ. ಅಲ್ಲಿ ಬೆಳೆದ ನನ್ನ ಡಿಪ್ಲೊಮಾ ದೋಸ್ತ ಒಬ್ಬ ಬೆಂಗಳೂರಿನ ಪಿಜಿಯಲ್ಲಿ ಮೊದಲ ವಾರ ನಿದ್ದೆ ಬರದೆ ಒದ್ದಾಡಿದ್ದ, ಸಪ್ಪಳ ಇಲ್ಲ ಅಂತ! ಸಪ್ಪಳ ನಿಂತರೆ ಆ ಓಣಿಯಲ್ಲಿ ಎರಡೇ ಕಾರಣ, ಕರೆಂಟು ಹೋಗಿದೆ ಇಲ್ಲಾ ಸೀರೆ ಹೋಗುತ್ತಿಲ್ಲ. ಕಾರಿನ ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿಕೊಂಡು ಹೋದವರಿಗೆ ಅದು ಧೂಳು ಹಿಡಿದ ಇನ್ನೊಂದು ಊರು. ಅಲ್ಲಿಂದ ಹೊಳೆಗೆ ಹೋದರೆ, ದೋಣಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಕೃಷ್ಣೆ ದಾಟಿ ಅಥಣಿ ಸೀಮೆಗೆ ಹೋಗಿದ್ದೇನೆ. ಯಾವ ಪಟ್ಟಿಯವರಾದರೂ ಕಂಡರೆ ಅದಕ್ಕೆ ‘ಸಾಹಸ ಪ್ರವಾಸ’ ಅಂತ ಹೆಸರಿಡುತ್ತಿದ್ದರು. ನಾನು ಹೋದದ್ದು ಗೆಳೆಯನ ಅಕ್ಕನ ಸೀಮಂತಕ್ಕೆ.

ಮುಧೋಳದ ಬಗ್ಗೆ ಬರೆಯುವುದು ಸುಲಭ, ಅದಕ್ಕೇ ಕಷ್ಟ. ಎಲ್ಲರಿಗೂ ಮುಧೋಳ ಅಂದರೆ ನಾಯಿ. ಘೋರ್ಪಡೆ ರಾಜರು ಸಾಕಿದ್ದು, ಮಾಲೋಜಿರಾವ್ ಘೋರ್ಪಡೆ ದೊರೆ ಐದನೇ ಜಾರ್ಜ್‌ಗೆ ಜೋಡಿ ಮರಿ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು. ಕವಿ ರನ್ನನ ಊರೂ ಅದೇ, ಆದರೆ ನಾಯಿಯ ಮುಂದೆ ಅವನ ಆಟ ನಡೆಯುವುದಿಲ್ಲ. ನನ್ನ ಕರಡಿನಲ್ಲಿ ನಾಯಿ ಇದೆ, ರನ್ನ ಇದ್ದಾನೆ, ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದ್ದೇನೆ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಕಾರು ಓಡಿಸಬೇಡಿ. ಎರಡು ಟ್ರಾಲಿ ಹಚ್ಚಿದ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುತ್ತದೆ ಅಂತ ನಂಬಬೇಡಿ. ನಮ್ಮ ಓಣಿಯ ಹುಡುಗ ಒಬ್ಬ ಬೈಕ್ ಮೇಲೆ ಹೋಗಿ ಅಂಥದ್ದೇ ಒಂದಕ್ಕೆ ಹಿಂದಿನಿಂದ ಬಡಿದ. ಉಳಿಯಲಿಲ್ಲ. ರಮಣೀಯ ದಾರಿಗಳ ಪಟ್ಟಿಯಲ್ಲಿ ಇಂಥ ಸಾಲು ಯಾವತ್ತೂ ಓದಿಲ್ಲ. ಮಳೆಗಾಲದ ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ ಸುದ್ದಿ ಪೇಪರಿನಲ್ಲಿ ಬರುತ್ತದೆ, ಪಟ್ಟಿಯಲ್ಲಿ ಮಾತ್ರ ‘ಮಳೆಗಾಲ ಭೇಟಿಗೆ ಸೂಕ್ತ ಸಮಯ’. ನಮ್ಮಲ್ಲಿ 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಒಟ್ಟಿಗೇ ಉಕ್ಕಿ ಜಮಖಂಡಿ, ಮುಧೋಳದ ಹಳ್ಳಿಗಳು ನೀರಲ್ಲಿ ನಿಂತಾಗ ಡ್ರೋನಿನ ವಿಡಿಯೋಗಳು ಬಹಳ ಚಂದ ಬಂದಿದ್ದವು. ಅದರ ಕೆಳಗೆ ಯಾರೋ ‘ವಾವ್’ ಅಂತ ಬರೆದದ್ದನ್ನು ನಾನು ಕಣ್ಣಾರೆ ಓದಿದ್ದೇನೆ.

ಈ ಎರಡನೇ ಕರಡನ್ನು ಕುಡ್ಲದ ಹುಡುಗನಿಗೆ ಕಳಿಸಿದೆ. ‘ಸ್ವಲ್ಪ ಉದ್ದ ಆಯ್ತು, ಫೋಟೋ ಇಲ್ಲ’ ಅಂತ ಬಂತು ಉತ್ತರ. ಅರ್ಧ ಗಂಟೆ ಬಿಟ್ಟು ಇನ್ನೊಂದು ಮೆಸೇಜು: ‘ಮೀನು ಸಿಗ್ತದಾ ಅಲ್ಲಿ?’ ಹೊಳೆ ಮೀನು ಸಿಗುತ್ತದೆ, ಆದರೆ ನಮ್ಮ ಮನೆಯಲ್ಲಿ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಅಂತ ಹೇಳಿದೆ. ನಾಲ್ಕು ಜನ ಬರುತ್ತಾರಂತೆ. ಒಂದು ದಿನದ್ದಲ್ಲ, ಮಂಗಳೂರಿಂದ ಐನೂರು ಕಿಲೋಮೀಟರಿನ ಹತ್ತಿರ ಆಗುತ್ತದೆ, ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಮುಟ್ಟಬಹುದು.

ಊರಿಗೆ ಫೋನ್ ಮಾಡಿ ಹೇಳಿದೆ. ಅವ್ವ, ‘ಅವ್ರಿಗೆ ಅನ್ನ ಬೇಕಾಕ್ಕೈತಲ್ಲೋ, ರೊಟ್ಟಿ ತಿಂತಾರೇನು?’ ಅಂತ ಚಿಂತೆಗೆ ಬಿದ್ದಳು. ಅಪ್ಪ ಫೋನ್ ಕಸಿದುಕೊಂಡ.

‘ಏನ್ ನೋಡಾಕ್ ಬರಾಕತ್ತಾರ ಅವ್ರು?’

‘ಬ್ಯಾರೇಜು ನೋಡ್ತಾರಂತ. ಮಗ್ಗ ನೋಡ್ತಾರಂತ. ಗಾಣ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಂಗಾರ ಡಿಸೆಂಬರ್‌ದಾಗ ಬರಾಕ್ ಹೇಳು. ಗಾಣ ಚಾಲೂ ಇರತಾವು. ಮತ್ತ ಚಿಗವ್ವಗೂ ಒಂದ್ ಮಾತ್ ಹೇಳಿರು, ನೀರ ಸರದಿದ್ರ ಅಕಿನೂ ಬರ್ತಾಳು.’